ಹಾವು ಕಡಿತವೂ ಸಂಶೋಧನೆಯ ವಿಷಯ
ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಎಂಬಿಬಿಎಸ್ ಓದುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಸಂಶೋಧನಾ ವಿಷಯ ನನಗಂತೂ ಕಾಣದು. ಮಾರ್ಗದರ್ಶಕರ ಕೈಕೆಳಗೆ ಎರಡು ತಿಂಗಳ ಸಂಶೋಧನೆ ಮಾಡಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಿಂದ ಅವಕಾಶ ಕೊಡುತ್ತಾ ಬಂದಿದೆ. ದೊಡ್ಡ ಪ್ರಯೋಗಾಲಯವೇನೂ ಬೇಡ. ಕೊಳಕುಮಂಡಲ ಕಡಿದವರ ರಕ್ತವನ್ನು ಒಣಗಿದ ಗಾಜಿನ ಕೊಳವೆಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು, ಓರೆ ಮಾಡಿ ನೋಡಬೇಕು. ಹೆಪ್ಪುಗಟ್ಟದೆ ಹರಿದರೆ ವಿಷ ರಕ್ತಕ್ಕಿಳಿದಿದೆ ಎಂದೇ ಲೆಕ್ಕ. ಸಾಬೂನಿನ ಅಂಶ ಉಳಿದ ಕೊಳವೆ ಮಾತ್ರ ಉತ್ತರವನ್ನೇ ಕೆಡಿಸಿಬಿಡುತ್ತದೆ. ಇಂಥದ್ದನ್ನು ಪಕ್ಕದಲ್ಲಿ ನಿಂತು ತಿದ್ದುವ ಮೇಷ್ಟ್ರು ಬೇಕು. ಕಡಿದ ಎಷ್ಟು ಹೊತ್ತಿಗೆ ಆಸ್ಪತ್ರೆ ಮುಟ್ಟಿದರು, ದಾರಿಯಲ್ಲಿ ನಾಟಿ ಮದ್ದಿಗೆ ನಿಂತರೇ ಎಂದು ಮನೆಯವರನ್ನು ನೋಯಿಸದೆ ಕೇಳುವುದನ್ನೂ ಅವರೇ ಕಲಿಸಬೇಕು. ಜಿಲ್ಲಾಸ್ಪತ್ರೆಗಳ ಹಿರಿಯ ವೈದ್ಯರು ವರ್ಷಕ್ಕೊಬ್ಬ ವಿದ್ಯಾರ್ಥಿಯನ್ನಾದರೂ ಜೊತೆಗಿಟ್ಟುಕೊಳ್ಳಲಿ.