ನೆಟ್ಟಿಗೆ ಬಂದವರಿಗೆ ಏನು ಹೊಡೀಬೇಕು?

ಮೊನ್ನೆ ಭಾನುವಾರ ಮುಂಜಾನೆ ಸತ್ತೂರಿನ ನಮ್ಮ ಸಿಮೆಂಟ್ ಕೋರ್ಟಿನಲ್ಲಿ ಮತ್ತೊಮ್ಮೆ ಸೋತು ಬಂದೆ. ಸೋಲೋದು ನನಗೇನೂ ಹೊಸದಲ್ಲ ಬಿಡಿ. ಆದರೆ ಈ ಸಲ ಸೋಲಿನ ಜೊತೆ ಬೈಗುಳವೂ ಸಿಕ್ಕಿತು. ಅದಕ್ಕೇ ಇದನ್ನ ಬರೀತಾ ಇದ್ದೀನಿ.

ಎದುರಿಗೆ ಆಡಿದವರು ಅರವತ್ತೈದು ದಾಟಿದ ನಿವೃತ್ತ ಮಾಸ್ತರು. ನಾವೆಲ್ಲ 'ಸರ' ಅಂತೀವಿ. ಬಲ ಮೊಣಕಾಲಿಗೆ ಯಾವಾಗಲೂ ಪಟ್ಟಿ. ಹಿಂದೆ ನಿಂತು ಆ ಮೂಲೆ ಈ ಮೂಲೆ ಓಡೋಕೆ ಅವರಿಂದ ಆಗಲ್ಲ. ಹಾಗಾಗಿ ಒಂದು ಚೆಂಡು ಗಿಡ್ಡ ಬಿದ್ದರೆ ಸಾಕು, ಅದನ್ನ ಹೊಡೆದು ಸೀದಾ ನೆಟ್ಟಿನ ಹತ್ತಿರ ಬಂದು ನಿಂತುಬಿಡ್ತಾರೆ. ಅವರು ಹಾಗೆ ನಿಂತ ಕೂಡಲೇ ನನಗೆ ಏನೋ ಆಗುತ್ತೆ... ಗೆರೆಗೇ ಬೀಳಬೇಕು ಅಂತ ಜೋರಾಗಿ ಬೀಸ್ತೀನಿ. ಅರ್ಧ ನೆಟ್ಟಿಗೆ, ಇನ್ನರ್ಧ ಹೊರಗೆ. ಅವರು ರಾಕೆಟ್ಟೂ ಎತ್ತಿರಲ್ಲ, ಪಾಯಿಂಟ್ ಮಾತ್ರ ಅವರದ್ದು!

ನಾನು ಹೇಳೋದು ಇಷ್ಟೇ: ನೆಟ್ಟಿಗೆ ಬಂದವರ ವಾಲಿಗಿಂತ ನಮ್ಮ ಗಾಬರಿಯೇ ನಮ್ಮನ್ನ ಹೆಚ್ಚು ಸೋಲಿಸೋದು.

ಇದಕ್ಕೆ ಟೀವಿಯೂ ಸ್ವಲ್ಪ ಕಾರಣ. 2008ರ ವಿಂಬಲ್ಡನ್ ಫೈನಲ್ ನೆನಪಿದೆಯಾ? ನಾಲ್ಕನೇ ಸೆಟ್ಟಿನ ಟೈಬ್ರೇಕ್. 7-7ರಲ್ಲಿ ನಡಾಲ್ ಫೋರ್‌ಹ್ಯಾಂಡಿನಲ್ಲಿ ಅದ್ಭುತ ಪಾಸ್ ಹೊಡೆದ, ಮ್ಯಾಚ್ ಪಾಯಿಂಟ್ ಬಂತು. ಮುಂದಿನ ಪಾಯಿಂಟಿನಲ್ಲೇ ಫೆಡರರ್ ಬ್ಯಾಕ್‌ಹ್ಯಾಂಡಿನಲ್ಲಿ ಗೆರೆಯುದ್ದಕ್ಕೂ ಹೊಡೆದು ಅದನ್ನ ಉಳಿಸಿಕೊಂಡ. ಆ ಎರಡು ಹೊಡೆತ ನೋಡಿದವರೆಲ್ಲ, ನಾನೂ ಸೇರಿ, ನೆಟ್ಟಿನ ಹತ್ತಿರ ಯಾರಾದರೂ ನಿಂತರೆ ಅದನ್ನೇ ಹೊಡೀಬೇಕು ಅಂದುಕೊಂಡ್ವಿ. ಅವರಿಬ್ಬರೂ ದಿನಾ ಎಷ್ಟು ಗಂಟೆ ಆಡಿದವರು, ನಾವು ವಾರಕ್ಕೆ ಎಷ್ಟು ಗಂಟೆ ಆಡೋರು ಅಂತ ಲೆಕ್ಕ ಹಾಕಲೇ ಇಲ್ಲ :)

ಲೆಕ್ಕ ಅಂದೆನಲ್ಲ, ಸ್ವಲ್ಪ ನೋಡೋಣ. ನೆಟ್ಟು ನಡುವೆ 3 ಅಡಿ ಎತ್ತರ, ಕಂಬದ ಹತ್ತಿರ ಮೂರೂವರೆ ಅಡಿ. ಕೋರ್ಟಿನ ಉದ್ದ 78 ಅಡಿ. ಸಿಂಗಲ್ಸಿನಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದರೆ ಸುಮಾರು ಎಂಬತ್ತೆರಡೂವರೆ ಅಡಿ. ಅಂದರೆ ಗೆರೆಯುದ್ದಕ್ಕೂ ಹೊಡೆದರೆ ನೆಟ್ಟು ಎತ್ತರ, ಜಾಗ ಕಡಿಮೆ. ಲಾಭ ಒಂದೇ, ಚೆಂಡು ಬೇಗ ದಾಟುತ್ತೆ. ಓರೆಯಾಗಿ ಹೊಡೆದರೆ ನೆಟ್ಟು ತಗ್ಗು, ಜಾಗವೂ ಜಾಸ್ತಿ. ಆದರೆ ಚೆಂಡು ಎದುರಿನವರ ಮುಂದೆಯೇ ಹಾದು ಹೋಗಬೇಕು, ನಿಧಾನವಾದರೆ ಕೈಗೆ ಸಿಕ್ಕಿಬಿಡುತ್ತೆ.

ಹಾಗಾದರೆ? ನನ್ನ ಪ್ರಕಾರ ಮೊದಲ ಚೆಂಡಿಗೇ ಪಾಯಿಂಟ್ ಕೇಳಬಾರದು. ಮೇಲಿಂದ ತಿರುವು ಕೊಟ್ಟು ಚೆಂಡು ಅವರ ಪಾದದ ಹತ್ತಿರ ಬೀಳೋ ಹಾಗೆ ಹೊಡೀಬೇಕು. ನೆಟ್ಟಿಗಿಂತ ಕೆಳಗಿರೋ ಚೆಂಡನ್ನ ಯಾರೂ ಜೋರಾಗಿ ಹೊಡೆಯೋಕಾಗಲ್ಲ, ಎತ್ತಲೇಬೇಕು. ಎತ್ತಿದ ಚೆಂಡು ಮೆತ್ತಗೆ ಬರುತ್ತೆ. ಪಾಸ್ ಹೊಡೆಯೋ ಹೊತ್ತು ಅದು. 2023ರಲ್ಲಿ ಧಾರವಾಡದಲ್ಲಿ ಐಟಿಎಫ್ ಪುರುಷರ ಟೂರ್ನಿ ನಡೆದಾಗ ನೋಡೋಕೆ ಹೋಗಿದ್ದೆ. ಅಷ್ಟು ಚೆನ್ನಾಗಿ ಆಡೋ ಹುಡುಗರೂ ಎಷ್ಟೋ ಸಲ ಮೊದಲು ಪಾದಕ್ಕೆ ಹೊಡೆದು, ಎರಡನೆಯದಕ್ಕೆ ದಾಟಿಸ್ತಿದ್ದರು.

ಇನ್ನು ಉಳಿದದ್ದು ಲಾಬ್. ನೆಟ್ಟಿನಿಂದ 10 ಅಡಿಗೆ ನಿಂತವರ ಬೆನ್ನ ಹಿಂದೆ 29 ಅಡಿ ಕೋರ್ಟು ಖಾಲಿ ಬಿದ್ದಿರುತ್ತೆ. ಆದರೂ ನಮ್ಮಲ್ಲಿ ಲಾಬ್ ಹೊಡೆದವನನ್ನ ಅಂಜುಬುರುಕ ಅಂತ ನಗ್ತಾರೆ. ಮಳೆಗಾಲದ ಪಡುವಣ ಗಾಳಿಯಲ್ಲಿ ಒಮ್ಮೆ ಲಾಬ್ ಹೊಡೆದು ನೋಡಿ, ಅದಕ್ಕೆಷ್ಟು ಧೈರ್ಯ ಬೇಕು ಅಂತ ಗೊತ್ತಾಗುತ್ತೆ! ಗಾಳಿ ಎದುರಿಗಿದ್ದರೆ ಬಲ ಹಾಕಬೇಕು, ಬೆನ್ನಿಗಿದ್ದರೆ ಕೈ ಬಿಗಿ ಹಿಡೀಬೇಕು.

ನಾನು ಲಾಬ್ ಹೊಡೀದೇ ಇದ್ದದ್ದಕ್ಕೆ ಕಾರಣ ಬೇರೆ. ಸರ್ ಮೊಣಕಾಲು. ತಲೆ ಮೇಲೆ ಹಾಕಿದರೆ ಹಿಂದಕ್ಕೆ ಓಡೋಕೆ ಹೋಗಿ ಬಿದ್ದರೆ ಅಂತ ಹೆದರಿಕೆ. ಮೊದಲ ಸೆಟ್ 6-2ಕ್ಕೆ ಸೋತೆ. ನೀರು ಕುಡಿಯುವಾಗ ಅವರೇ ಕೇಳಿದರು.

"ಏನ್ಪಾ, ಒಂದೂ ಲಾಬ್ ಬರಲಿಲ್ಲಲ್ಲ?"

"ಇಲ್ರಿ ಸರ, ನಿಮ್ಮ ಮೊಣಕಾಲು..."

"ಕರುಣಾ ತೋರಸಾಕತ್ತಿಯೇನು? ಅಷ್ಟ ಕರುಣಾ ಇದ್ರ ಚಾ ಕುಡಸು. ಪಾಯಿಂಟ್ ಕೊಡಬ್ಯಾಡ. ಯಾವ ಚೆಂಡಿಗೆ ಓಡಬೇಕು, ಯಾವುದು ಬಿಡಬೇಕು ಅನ್ನೋದು ನನಗ ಗೊತ್ತೈತಿ."

ನಾಚಿಕೆಯಾಯ್ತು. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿನಲ್ಲಿ, ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ವಯಸ್ಸಿನ ಬಗ್ಗೆ ಎಷ್ಟು ದೊಡ್ಡ ಮಾತಾಡಿದ್ದೆ ನಾನು! ಎದುರಿಗಿರೋ ಮನುಷ್ಯನ ವಿಷಯಕ್ಕೆ ಬಂದಾಗ ಎಲ್ಲ ಮರೆತುಬಿಟ್ಟಿದ್ದೆ.

ಎರಡನೇ ಸೆಟ್ಟಿನಲ್ಲಿ ಪಾದಕ್ಕೂ ಹೊಡೆದೆ, ತಲೆ ಮೇಲೂ ಹಾಕಿದೆ. ಸರ್ ಹಿಂಹಿಂದಕ್ಕೆ ನಡೀಲಿಲ್ಲ. ಸಿಗೋ ಚೆಂಡಿಗೆ ಪೂರ್ತಿ ತಿರುಗಿ ಹೋದರು. ಸಿಗದ್ದನ್ನ ನಿಂತಲ್ಲೇ ನೋಡಿ "ಚಲೋ ಹೊಡದಿ" ಅಂದರು. 7-5, ಮತ್ತೆ ಅವರೇ ಗೆದ್ದರು! ಚಾ ನಾನೇ ಕುಡಿಸಿದೆ.

ಎದುರಾಳಿಯ ವಯಸ್ಸು, ನೋವು ನೋಡಿ ಹೊಡೆತ ಬಿಟ್ಟುಕೊಡೋದು ಮರ್ಯಾದೆ ಅಂದುಕೊಂಡಿದ್ದೆ. ನೆಟ್ಟಿನ ತನಕ ಬಂದು ನಿಂತವರಿಗೆ ನಾವು ಕೊಡಬಹುದಾದ ಮರ್ಯಾದೆ ಅಂದರೆ ನಮ್ಮ ಕೈಲಾದ ಒಳ್ಳೇ ಹೊಡೆತ ಅಂತ ಈಗ ಅನ್ನಿಸ್ತಿದೆ. ನೀವೇನಂತೀರಿ?