ಬೀಳುವ ಮುನ್ನ ಮುಚ್ಚಲಿ, ಹೇಳಿ ಮುಚ್ಚಲಿ

ಚೆಂಬೂರಿನ ನಮ್ಮಂಥ ಕರಾವಳಿ ಕನ್ನಡಿಗರಿಗೆ ಊರಿನ ರಸ್ತೆಯೆಂದರೆ ಪನ್ವೇಲ್‌ನಿಂದ ಮುಂದೆ ರಾಷ್ಟ್ರೀಯ ಹೆದ್ದಾರಿ 66. ಮಳೆಗೆ ಮುನ್ನ ದುರಸ್ತಿ ಮುಗಿಸಬೇಕಾದ ಏಪ್ರಿಲ್, ಮೇ ತಿಂಗಳಲ್ಲೇ ಮಕ್ಕಳ ರಜೆಗೆ ನಾವೂ ಊರಿಗೆ ಹೊರಡುತ್ತೇವೆ. ಹೀಗಾಗಿ ‘ರಸ್ತೆ ಬಂದ್’ ಫಲಕ ಕಂಡರೆ ಸಿಟ್ಟು ಸಹಜ.

ಆದರೆ ಇದೇ ದಾರಿಯ ಎರಡು ಸೇತುವೆಗಳನ್ನು ಮರೆಯಬಾರದು. 2016ರ ಆಗಸ್ಟ್ 2ರ ರಾತ್ರಿ ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷ್ ಕಾಲದ ಸೇತುವೆ ಪ್ರವಾಹಕ್ಕೆ ಕುಸಿದು, ಎರಡು ಎಸ್‌ಟಿ ಬಸ್ಸುಗಳು ಕೊಚ್ಚಿಹೋದವು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಮುರಿದು, ಲಾರಿಯೊಂದು ನೀರಿಗೆ ಬಿತ್ತು. ಚಾಲಕ ಬದುಕಿದ್ದು ಪುಣ್ಯ. ಎರಡೂ ಕಡೆ ಪಕ್ಕದಲ್ಲೇ ಹೊಸ ಸೇತುವೆ ಇತ್ತು. ಹಳೆಯದನ್ನು ಮುಚ್ಚಿ ಪರೀಕ್ಷಿಸಿದ್ದರೆ ವಾಹನಗಳ ಸಾಲು ಬೆಳೆಯುತ್ತಿತ್ತು, ಅಷ್ಟೆ.

ನಮ್ಮ ನೆರೆಯ ಸಯನ್‌ನಲ್ಲಿ 1912ರ ರೈಲ್ವೆ ಮೇಲ್ಸೇತುವೆಯನ್ನು 2024ರ ಆಗಸ್ಟ್ 1ರಿಂದ ಮುಚ್ಚಿದರು. ಸುತ್ತಿ ಬಳಸಿ ಹೋಗುವ ಕಷ್ಟ ನಮಗೆಲ್ಲ ಗೊತ್ತು. ಆದರೂ ಅದನ್ನು ಬೀಳುವ ಮುನ್ನ ಮುಚ್ಚಿದರು ಎಂಬ ಸಮಾಧಾನ ನನಗಿದೆ.

ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಗ್ಯಾಂಟ್ರಿ ಅಳವಡಿಸುವಾಗ ದಿನ, ಗಂಟೆ, ಬದಲಿ ದಾರಿಯನ್ನು ಮೊದಲೇ ಪ್ರಕಟಿಸಿ, ಮಧ್ಯಾಹ್ನ ಒಂದೆರಡು ತಾಸು ಸಂಚಾರ ತಡೆದಿದ್ದಾರೆ. ಹೆದ್ದಾರಿ 66ರಲ್ಲೂ ಇದೇ ಕ್ರಮ ಬರಲಿ. ರತ್ನಾಗಿರಿಯಲ್ಲಿ ಕೆಲಸವಿದ್ದರೆ ಕನ್ನಡದಲ್ಲೂ, ಕಾರವಾರದಲ್ಲಿದ್ದರೆ ಮರಾಠಿಯಲ್ಲೂ ವಾರ ಮೊದಲೇ ಪ್ರಕಟಣೆ ಸಿಗಲಿ. ತೆರೆಯುವ ದಿನವನ್ನೂ ಅದರಲ್ಲೇ ಬರೆದು, ಆ ದಿನವೇ ತೆರೆಯಲಿ. ಇಷ್ಟಾದರೆ ನಾವು ಪ್ರಯಾಣವನ್ನು ಒಂದು ದಿನ ಮುಂದೂಡಬಹುದು.