ಮನೇಲೂ ಮುಚ್ಚಳಿಕೆ ಬರೆಸ್ಕೋಬೇಕಾ?

ಮೊನ್ನೆ ಮಲವಗೊಪ್ಪದ ನಮ್ಮನೇಲಿ ಹಪ್ಪಳ ಒತ್ತುವಾಗ ಮಾತು ಬಂತು. ನನ್ನ ತಂಗಿ ಮಗಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಓದ್ತಿದಾಳೆ. ಮುಂದೆ ದೆಹಲಿಗೆ ಹೋಗಿ ದೇಶ ದೇಶಗಳ ಸಂಬಂಧ, ಪ್ರಜಾಪ್ರಭುತ್ವ ಇವುಗಳ ಮೇಲೆ ಓದಿ, ಅದರಲ್ಲೇ ಕೆಲಸ ಮಾಡ್ಬೇಕು ಅಂತ ಆಸೆ. "ಮೊದಲು ಮದುವೆ ಆಗ್ಲಿ. ಆಮೇಲೆ ಗಂಡ ಒಪ್ಪಿದ್ರೆ ಓದ್ಲಿ" ಅಂದ್ರು ನಮ್ಮ ವಾರಗಿತ್ತಿ. ನಾನೂ ಹೂಂ ಅಂದೆ.

ರಾತ್ರಿ ಪಾತ್ರೆ ತೊಳೀತಾ ಹುಡುಗಿ ನಂಗೆ ಸಿ.ಬಿ. ಮುತ್ತಮ್ಮನವರ ವಿಷಯ ಹೇಳಿದ್ಲು. ನಮ್ಮ ಕೊಡಗಿನ ವಿರಾಜಪೇಟೆಯವರು. ಒಂಬತ್ತು ವರ್ಷಕ್ಕೇ ತಂದೆ ಹೋದ್ರು, ತಾಯಿ ನಾಲ್ಕು ಮಕ್ಕಳನ್ನೂ ಓದಿಸಿದ್ರು. ಮದ್ರಾಸಿನಲ್ಲಿ ಎಂ.ಎ. ಮಾಡಿ 1949ರಲ್ಲಿ ವಿದೇಶಾಂಗ ಸೇವೆ ಸೇರಿದ್ರು, ಆ ಸೇವೆಗೆ ಮೊದಲ ಹೆಂಗಸು ಇವ್ರೇ. ಸೇರುವಾಗ ಮದುವೆ ಆದ್ರೆ ಕೆಲಸ ಬಿಡ್ತೀನಿ ಅಂತ ಮುಚ್ಚಳಿಕೆ ಬರ್ಕೊಡ್ಬೇಕಿತ್ತಂತೆ! ಗಂಡಸರಿಗೆ ಅದಿಲ್ಲ. ಬಡ್ತಿ ತಪ್ಪಿಸಿದಾಗ ಸುಪ್ರೀಂ ಕೋರ್ಟಿಗೇ ಹೋದ್ರು. ಕೇಸು ತೀರ್ಮಾನ ಆಗೋದ್ರೊಳಗೆ ಸರ್ಕಾರ ಬಡ್ತಿನೂ ಕೊಡ್ತು, ಮದುವೆಗೆ ಸರ್ಕಾರದ ಅಪ್ಪಣೆ ಬೇಕು ಅನ್ನೋ ನಿಯಮಾನೂ ತೆಗೀತಿದೀವಿ ಅಂತು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಹೆಂಗಸರಿಗೆ ಭೇದ ಮಾಡೋ ನಿಯಮಗಳನ್ನೆಲ್ಲ ಸರಿ ಮಾಡಿ ಅಂದ್ರು. ಹಂಗೇರಿಗೆ ರಾಯಭಾರಿ ಆಗಿದ್ದ ಆ ಹೆಂಗಸು ಆಮೇಲೆ ಇನ್ನೊಬ್ಬರ ಜೊತೆ ಸೇರಿ ಕೊಡವರ ಅಡುಗೆ ಪುಸ್ತಕಾನೂ ಬರೆದ್ರು ಕಣ್ರೀ.

ಸರ್ಕಾರ ಬಿಟ್ಟ ಆ ಮುಚ್ಚಳಿಕೇನ ನಾವು ಇನ್ನೂ ಅಡುಗೆಮನೇಲಿ ಬರೆಸ್ಕೊಳ್ತಾ ಇದೀವಿ ಅಲ್ವಾ? ನಾನು ಪಿಯುಸಿ ಮುಗಿಸಿದಾಗ ನಮ್ಮಮ್ಮನೂ "ಆಮೇಲೆ ಓದ್ಕೊ" ಅಂದಿದ್ರು. ಆ "ಆಮೇಲೆ" ಬರ್ಲೇ ಇಲ್ಲ. ಮಕ್ಕಳು ಮನೆ ಎಲ್ಲ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದ್ರೂ ಮುಗೀದೇ ಇರೋದು ಮುಗೀದೇ ಇರೋದೇ.

ಪ್ರಜಾಪ್ರಭುತ್ವ ಅಂದ್ರೆ ದೂರದ್ದಲ್ಲ. 2010ರಿಂದ ನಮ್ಮ ಪಂಚಾಯ್ತಿಗಳಲ್ಲಿ ಅರ್ಧ ಸೀಟು ಹೆಂಗಸರಿಗೇ. ಆದ್ರೂ ಎಷ್ಟೋ ಕಡೆ ಸದಸ್ಯೆ ಮನೇಲಿ, ಗಂಡ ಮೀಟಿಂಗಲ್ಲಿ. ಇದನ್ನ ಓದಿ ತಿಳ್ಕೊಂಡು ಪ್ರಶ್ನೆ ಕೇಳೋ ಹುಡುಗೀರು ನಮ್ಮ ಮನೆಗಳಿಂದ್ಲೇ ಬರ್ಬೇಕು.

ದೂರದ ಊರು, ಖರ್ಚು, ಭಯ ಎಲ್ಲ ನಂಗೂ ಇದೆ. ಹಾಸ್ಟೆಲ್ ಹೆಂಗಿದೆ, ಸ್ಕಾಲರ್‌ಶಿಪ್ ಸಿಗುತ್ತಾ ಅಂತ ಬೇಕಾದಷ್ಟು ವಿಚಾರ್ಸೋಣ. ಮದುವೆ ಮಾತು ಮಾತ್ರ ಅದಕ್ಕೆ ಗಂಟು ಹಾಕೋದು ಬೇಡ.

ಅಕ್ಕ, ನೀವು ಇದನ್ನ ಓದ್ತೀರಿ ಅಂತ ಗೊತ್ತು. ಅವತ್ತಿನ ನನ್ನ ಹೂಂ ವಾಪಸ್ ತಗೊಂಡಿದೀನಿ. ಬೇಜಾರಾದ್ರೆ ಮನೆಗೆ ಬನ್ನಿ, ಕಾಫಿ ಕುಡೀತಾ ಜಗಳ ಆಡೋಣ.